ಸಿಂಗ್ರನ ಮನೆ ಆಮೆಗೆ ಉಣ್ಣಿ ಹತ್ತಿದ್ದು

ಒಂದೂರಲ್ಲಿ ಚೆಲುವವ್ವ ಅಂತ ಒಬ್ಬ ತಾಯಿ. ಅವಳಿಗೊಬ್ಬನೇ ಮಗ, ಸಿಂಗ್ರ. ಮೀಸೆ ಬಂದಿತ್ತು, ಮೈಗೆ ಕೋಣನ ಬಲ ಬಂದಿತ್ತು, ಬುದ್ಧಿ ಮಾತ್ರ ದಾರೀಲೆಲ್ಲೋ ಕೂತು ಸುಧಾರಿಸ್ಕೊಳ್ತಿತ್ತು. ಹೇಳಿದ್ದು ಮಾಡ್ತಿದ್ದ, ಪಾಪ. ಹೇಳಿದ್ದನ್ನೇ ಮಾಡ್ತಿದ್ದ. ಅದೇ ಕಷ್ಟ!

ಅವರ ಹಿತ್ತಲಲ್ಲಿ ಚೊಕ್ಕಿ ಅಂತ ಒಂದು ಆಮೆ. ಸಿಂಗ್ರನ ಅಪ್ಪ ಬದುಕಿದ್ದಾಗ ಸಾಕಿದ್ದು. ಗಂಡ ಹೋದಮೇಲೆ ಚೆಲುವವ್ವ ಸುಖದುಃಖ ಹೇಳ್ಕೊಳ್ತಿದ್ದದ್ದು ಅದರ ಹತ್ರಾನೇ. ಮಗನ ಹತ್ರ ಹೇಳಿದ್ರೆ ಏನಾದ್ರೂ ಮಾಡಿಬಿಡ್ತಾನಲ್ಲ!

ಒಂದಿನ ಬಾಯ್ತಪ್ಪಿ ಅಂದ್ಲು, "ಚೊಕ್ಕಿಗೊಂದು ಜೊತೆ ಇದ್ದಿದ್ರೆ!"

ಸಿಂಗ್ರ ಗುಡ್ಡಕ್ಕೆ ಹೋದ. ಇನ್ನೊಂದು ಆಮೆ ಹೊತ್ಕೊಂಡು ಬಂದ. ನೆಟ್ಟಗೆ ಚೊಕ್ಕಿ ಗೂಡಿಗೇ ಬಿಟ್ಟ. ಆ ಹೊಸ ಆಮೆ ಕತ್ತಿನ ಮಡಿಕೆ ತುಂಬ ಉಣ್ಣಿ! ಎಂಟು ದಿನದಲ್ಲಿ ಚೊಕ್ಕಿಗೂ ಹತ್ಕೊಂಡ್ವು. ಚೊಕ್ಕಿ ಸೊಪ್ಪು ಮುಟ್ಟಲಿಲ್ಲ, ತಲೆ ಹೊರಗೆ ಹಾಕಲಿಲ್ಲ.

ದನದ ಡಾಕ್ಟ್ರು ಮಾದಯ್ಯ ಬಂದ್ರು. ಚಿಮುಟದಲ್ಲಿ ಒಂದೊಂದೇ ಉಣ್ಣಿ ಕಿತ್ತು ಸೀಮೆಎಣ್ಣೆಗೆ ಹಾಕಿದ್ರು. ಗೂಡನ್ನ ಬಿಸಿನೀರಲ್ಲಿ ತೊಳೆಸಿ ಬಿಸಿಲಿಗೆ ಒಣಗಿಸಿದ್ರು. ಹೊಸ ಆಮೆಯ ಮೈಯನ್ನೂ ಚೊಕ್ಕಟ ಮಾಡಿ ಗುಡ್ಡಕ್ಕೇ ಬಿಡಿಸಿದ್ರು.

"ರಕ್ತ ಹೀರಿಬಿಟ್ಟಿವೆ ಕಣವ್ವ. ಇನ್ನೊಂದು ಸಲ ಹತ್ತಿದ್ರೆ ಇದು ಉಳಿಯಲ್ಲ," ಅಂದ್ರು.

ಚೆಲುವವ್ವ ಮಗನ ಕಡೆ ತಿರುಗಿದ್ಲು. "ಪೆದ್ದ ಮುಂಡೇದೇ! ಹೊಸದಾಗಿ ಬಂದದ್ದನ್ನ ನೆಟ್ಟಗೆ ಒಳಗೆ ಬಿಡ್ತಾರೇನೋ? ಬೇರೆ ಕೂಡಿಹಾಕ್ಬೇಕು! ಕತ್ತು ನೋಡ್ಬೇಕು! ಕಂಕುಳು ನೋಡ್ಬೇಕು! ತಿಂಗಳಾದ ಮೇಲೆ ಒಳಗೆ ಬಿಡ್ಬೇಕು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಮಾರನೇ ದಿನ ಚೆಲುವವ್ವ ರಾಗಿ ಬೀಸಿಸೋಕೆ ಹೋಗಿದ್ಲು. ಎಷ್ಟೋ ವರ್ಷಕ್ಕೆ ಅವಳ ಅಣ್ಣ ಕೆಂಚಪ್ಪ ಬಂದ. ಸಿಂಗ್ರ ನೋಡಿದ. ಹೊಸದಾಗಿ ಬಂದದ್ದು! ಕೈಹಿಡಿದು ಎಳ್ಕೊಂಡೋಗಿ ಕೊಟ್ಟಿಗೆಗೆ ನೂಕಿದ. ಕತ್ತು ನೋಡಿದ. ಕಂಕುಳು ನೋಡಿದ.

"ಅಯ್ಯೋ, ಕಚಗುಳಿ ಕಣೋ! ಬಿಡೋ ಅಳಿಯ!"

"ಮೈ ಚೊಕ್ಕಟವಾಗಿದೆ ಮಾವ. ತಿಂಗಳು ಬಿಟ್ಟು ಒಳಗೆ ಬಾ!" ಅಂತ ಅಗಳಿ ಜಡಿದ.

ಚೆಲುವವ್ವ ಬಂದು ಅಗಳಿ ತೆಗೆದ್ಲು, ತಲೆ ಚಚ್ಕೊಂಡ್ಲು. "ಮನೆಗೆ ಬಂದವರನ್ನ ಹಂಗಾ ನೋಡೋದು? ಕಾಲಿಗೆ ನೀರು ಕೊಡ್ಬೇಕು! ಚಾಪೆ ಹಾಸ್ಬೇಕು! ಎಲೆ ಹಾಕಿ, ‘ಉಣ್ಣಿ, ಉಣ್ಣಿ’ ಅಂತ ಬಾಯ್ತುಂಬ ಹೇಳ್ಬೇಕು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ವಾರ ಕಳೀತು. ಹಿತ್ತಲಿಗೊಂದು ಬೀದಿನಾಯಿ ಬಂತು, ಕಿವಿ ತುಂಬ ಉಣ್ಣಿ. ಸಿಂಗ್ರ ಅದರ ಕಾಲು ತೊಳೆದ. ನೆರಳು ನೋಡಿ ಚೊಕ್ಕಿ ಗೂಡಿನ ಪಕ್ಕದಲ್ಲೇ ಚಾಪೆ ಹಾಸಿದ. ಎಲೆ ಹಾಕಿ ಮುದ್ದೆ ಇಟ್ಟು, "ಉಣ್ಣಿ, ಉಣ್ಣಿ!" ಅಂದ. ನಾಯಿ ಉಣ್ತು. ಉಣ್ಣಿ ಇಳಿದು ಹೊರಟ್ವು!

ಚೆಲುವವ್ವ ಓಡಿಬಂದು ಚೊಕ್ಕೀನ ಎದೆಗೆ ಎತ್ಕೊಳ್ಳೋ ಹೊತ್ತಿಗೆ ಎರಡು ಹತ್ತೇಬಿಟ್ಟಿದ್ವು. ಮತ್ತೆ ಮಾದಯ್ಯ, ಮತ್ತೆ ಚಿಮುಟ, ಮತ್ತೆ ಬಿಸಿನೀರು. ಮೂರು ದಿನ ಚೊಕ್ಕಿ ಕಣ್ಣು ಬಿಡಲಿಲ್ಲ. ಮೂರು ದಿನ ಸಿಂಗ್ರ ಗೂಡಿನ ಬಾಗಿಲು ಬಿಟ್ಟು ಏಳಲಿಲ್ಲ. ಕೈಲಿ ನುಗ್ಗೆಸೊಪ್ಪು ಹಿಡ್ಕೊಂಡು ಅಳ್ತಾ ಕೂತ. ನಾಲ್ಕನೇ ದಿನ ಬೆಳಿಗ್ಗೆ ಚೊಕ್ಕಿ ಮೆಲ್ಲಗೆ ಕತ್ತು ಚಾಚಿ ಒಂದೆಲೆ ಕಚ್ತು.

ಚೆಲುವವ್ವ ಸೆರಗಲ್ಲಿ ಮಗನ ಕಣ್ಣೊರೆಸಿದ್ಲು. ಒರೆಸ್ತಾನೇ ಬೈದ್ಲು. "ಕೇಳೋ ಕಂದ! ಇನ್ಮೇಲೆ ಉಣ್ಣಿ ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ಪೊರಕೆ ತಗೊಂಡು ಊರಾಚೆಗೆ ಅಟ್ಟಿಬಿಡು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ಆಮೇಲೇನಾಯ್ತು ಅಂತೀರಾ? ಸಿಂಗ್ರನಿಗೆ ಹೆಣ್ಣು ಕೊಡೋರು ಮನೆ ನೋಡೋಕೆ ಬಂದ್ರು. ಹೆಣ್ಣಿನ ಅಪ್ಪ ಬೋಳೇಗೌಡ, ಅವನ ತಂಗಿ ದೇವಮ್ಮ. ಚೆಲುವವ್ವ ಎಲೆ ಹಾಕಿದ್ಲು, ಪಾಯಸ ಬಡಿಸಿದ್ಲು, ಕೈಮುಗಿದು ಅಂದ್ಲು, "ಉಣ್ಣಿ, ಉಣ್ಣಿ! ಸಂಕೋಚ ಬೇಡ, ಉಣ್ಣಿ!"

ಅಂದದ್ದೇ ತಡ, ಸಿಂಗ್ರ ಪೊರಕೆ ಹಿಡ್ಕೊಂಡು ನುಗ್ಗಿದ! ಬೋಳೇಗೌಡ ಎದ್ದ, ಬಿದ್ದ, ಓಡಿದ. ದೇವಮ್ಮ ಅಣ್ಣನ ರುಮಾಲು, ಚಪ್ಪಲಿ ಬಾಚ್ಕೊಂಡು ಹಿಂದೆ ಓಡಿದ್ಲು. ಸಿಂಗ್ರ ಊರಾಚೆಗೆ ಅಟ್ಟಿ, ಬೆವರೊರೆಸ್ಕೊಂಡು ಬಂದ.

"ಹೋದ್ವು ಕಣವ್ವ! ಎರಡೂ ದೊಡ್ಡವೇ!"

ಚೆಲುವವ್ವ ನೆಲಕ್ಕೆ ಕುಸಿದ್ಲು. "ಅಯ್ಯೋ ನನ್ನ ಹಣೇಬರಹವೇ! ಅವರು ನಿನಗೆ ಹೆಣ್ಣು ಕೊಡೋರು ಕಣೋ! ಓಡು! ಕಾಲು ಹಿಡ್ಕೊಂಡಾದ್ರೂ ಕರ್ಕೊಂಡು ಬಾ!"

"ಆಗ್ಲಿ ಕಣವ್ವ!"

ಸ್ವಲ್ಪ ಹೊತ್ತಾಯ್ತು. ಬೀದೀಲಿ ಗದ್ದಲ ಕೇಳಿಸ್ತು. ಚೆಲುವವ್ವ ಬಾಗಿಲಿಗೆ ಬಂದು ನೋಡಿದ್ಲು. ಸಿಂಗ್ರ ಬರ್ತಾ ಇದ್ದಾನೆ! ಬೋಳೇಗೌಡನ ಎರಡೂ ಕಾಲು ಸಿಂಗ್ರನ ಎದೆ ಮೇಲೆ, ತಲೆ ಸಿಂಗ್ರನ ಬೆನ್ನ ಹಿಂದೆ ನೇತಾಡ್ತಾ ಇದೆ. ಜೊತೇಲಿ ದೇವಮ್ಮ, ನಕ್ಕೂ ನಕ್ಕೂ ನಡೆಯೋಕಾಗದೆ ಸೊಂಟ ಹಿಡ್ಕೊಂಡಿದ್ದಾಳೆ.

"ಅಣ್ಣಾ, ತಾಯಿ ಮಾತು ಇಷ್ಟು ಕೇಳೋ ಗಂಡು ಇನ್ನೆಲ್ಲಿ ಸಿಕ್ತಾನೆ? ಒಪ್ಕೊಂಡುಬಿಡು!" ಅಂತಿದ್ದಾಳೆ.

"ಒಪ್ಪಿದೆ ತಾಯಿ, ಒಪ್ಪಿದೆ! ಮೊದಲು ಇಳಿಸೋಕೆ ಹೇಳು!" ಅಂತ ಬೋಳೇಗೌಡ ತಲೆಕೆಳಗಾಗೇ ಕೂಗಿದ.

ಸಿಂಗ್ರ ಹೊಸಿಲ ಹತ್ರ ನಿಂತು ಹಿಗ್ಗಿ ಕೇಳಿದ, "ಕಾಲು ಹಿಡ್ಕೊಂಡೇ ಕರ್ಕೊಂಡು ಬಂದೆ ಕಣವ್ವ! ಈಗ ಬಿಟ್ಟುಬಿಡ್ಲಾ?"

ಚೆಲುವವ್ವನಿಗೆ ಸಂತೋಷ ತಡೀಲಿಲ್ಲ. ಹಿಂದುಮುಂದು ನೋಡದೆ, "ಬಿಡೋ ನನ್ನಪ್ಪ, ಬಿಡು!" ಅಂದ್ಲು.

ಬಿಟ್ಟ!