ಮುಯ್ಯಾಳು ಕರೆಯಲು ಬಂದ ಎರೆಹುಳ

ನನ್ನ ಪ್ರಾಯದಲ್ಲಿ ನಾನು ನಮ್ಮ ಹೊಲದ ಬದುವಿನ ಮೇಲೆ ನಿಂತು ಒಂದು ಕೂಗು ಹಾಕಿದರೆ ಸಾಕು, ಮೂರು ಊರಿನ ಮುಯ್ಯಾಳುಗಳು ಕುಡುಗೋಲು ಹಿಡಿದು ಎದ್ದು ಬರುತ್ತಿದ್ದರು. ಮುಯ್ಯಾಳು ಅಂದರೆ ಗೊತ್ತಲ್ಲ? ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ, ನಾಳೆ ನೀನು ನನ್ನ ಹೊಲದಲ್ಲಿ ದುಡಿಯಬೇಕು. ಕೂಲಿಯಿಲ್ಲ, ಕಾಸಿಲ್ಲ. ಮೈಗೆ ಮೈ, ದಿನಕ್ಕೆ ದಿನ. ಆ ಮೂರು ಊರುಗಳೂ ಈಗ ಅಣೆಕಟ್ಟಿನ ನೀರಿನಡಿ ಇವೆ. ನನ್ನ ಮಾತಿನಲ್ಲಿ ಸಂಶಯ ಇದ್ದವರು ಮುಳುಗಿ ಕೇಳಿಕೊಂಡು ಬರಬಹುದು. ನಾನು ಇಲ್ಲೇ ಜಗಲಿ ಮೇಲೆ ಕೂತಿರುತ್ತೇನೆ.

ಇವತ್ತು ಬೆಳಿಗ್ಗೆಯೂ ಹಾಗೇ ಕೂತಿದ್ದೆ. ರಾತ್ರಿಯೆಲ್ಲ ಮಳೆ ಹೊಡೆದು ಆಗತಾನೆ ಬಿಟ್ಟಿತ್ತು. ಅಂಗಳದ ತುಂಬ ಎರೆಹುಳ. ಕೆಲವು ಹರಿಯುತ್ತಿದ್ದವು, ಕೆಲವು ಹೊರಳುತ್ತಿದ್ದವು, ಬಹಳಷ್ಟು ಸುಮ್ಮನೆ ಬಿದ್ದಿದ್ದವು. ಮೊಮ್ಮಗಳು ತುಂಗಿ ಅವನ್ನು ತುಳಿಯಬಾರದು ಅಂತ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತಿದ್ದಳು.

"ತಾತ, ಇವೆಲ್ಲ ನಮ್ಮನೆ ಮುಂದೇನೇ ಯಾಕೆ ಬಂದು ಸಾಯ್ತವೆ? ಬೇರೆ ಜಾಗ ಇಲ್ವಾ?"

"ನಿಮ್ಮ ಮೇಷ್ಟ್ರು ಏನು ಹೇಳಿದ್ರು?"

"ಮಣ್ಣೊಳಗೆ ನೀರು ತುಂಬುತ್ತೆ, ಅದಕ್ಕೆ ಮೇಲೆ ಬರ್ತವೆ ಅಂದ್ರು."

"ಪಾಪ, ಅವರಿಗೆ ಅರ್ಧ ಗೊತ್ತು. ಮೇಲೆ ಬಂದದ್ದು ಸರಿ, ನಮ್ಮ ಬಾಗಿಲಿಗೇ ಯಾಕೆ ಬಂದವು? ಅದನ್ನು ಹೇಳೋಕೆ ಈ ಸೀಮೆಯಲ್ಲಿ ಉಳಿದಿರೋನು ನಾನೊಬ್ಬನೇ."

"ಕಥೆ ಆಮೇಲೆ ಹೇಳಿ ಮಾವ, ಕಾಲೆತ್ತಿ" ಅಂದಳು ಸೊಸೆ ಪುಟ್ಟಲಕ್ಷ್ಮಿ, ಪೊರಕೆ ಹಿಡಿದು. ಕಾಲೆತ್ತಿದೆ. ಕಾಲು ಎತ್ತಿಕೊಂಡೇ ಶುರು ಮಾಡಿದೆ.

ಆಗ ಭೂಮಿ ಹೊಸದು. ಎಷ್ಟು ಹೊಸದು ಅಂದರೆ, ಬೆಟ್ಟಗಳು ಇನ್ನೂ ಒಣಗಿರಲಿಲ್ಲ. ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು. ಸೂರ್ಯನಿಗೂ ಕೆಲಸ ಹೊಸದು. ಎಷ್ಟು ಉರಿಯಬೇಕು ಅಂತ ಅಂದಾಜು ಸಿಗದೆ ಒಂದು ದಿನ ಜೋರಾಗಿ ಉರಿದುಬಿಟ್ಟ. ನೆಲವೆಲ್ಲ ಹೆಂಚಿನ ಮೇಲೆ ಮರೆತ ರೊಟ್ಟಿಯ ಹಾಗೆ ಗಟ್ಟಿಯಾಗಿ ಹೋಯಿತು.

ಆಗ ಇದ್ದದ್ದು ಒಬ್ಬನೇ ಗಂಡಸು. ಹೆಸರು ಗುಡ್ಡಪ್ಪ. ಗುಡ್ಡ ಹೇಗೆ ಕೂತಲ್ಲಿಂದ ಏಳುವುದಿಲ್ಲವೋ ಅವನೂ ಹಾಗೇ. ಹೆಂಡತಿ ಹೊನ್ನಿ ಮಾತ್ರ ಚುರುಕು.

"ರಾಗಿ ಬಿತ್ತಬೇಕು, ನೆಲ ಕಲ್ಲಾಗಿದೆ. ಯಾರನ್ನಾದರೂ ಮುಯ್ಯಾಳು ಕರೆಯಬಾರದಾ?" ಅಂದಳು ಹೊನ್ನಿ.

ಗುಡ್ಡಪ್ಪ ಎತ್ತಿನ ಹತ್ತಿರ ಹೋದ. ಎತ್ತಿಗೆ ಆಗ ಯಾರೂ ನೊಗದ ವಿಷಯ ಹೇಳಿರಲಿಲ್ಲ. "ಉಳೋದಾ? ಹಂಗಂದ್ರೆ ಏನು?" ಅಂತ ಕೇಳಿ ಮೇಯುವುದಕ್ಕೆ ಹೋಯಿತು.

ಏಡಿಯ ಹತ್ತಿರ ಹೋದ. "ಅಗೆಯೋಕೆ ನಾನು ಸಿದ್ಧ. ಆದರೆ ನಾನು ಅಡ್ಡಡ್ಡ ಹೋಗೋದು. ನಿನ್ನ ಹೊಲದಲ್ಲಿ ಶುರು ಮಾಡಿ ಬೆಟ್ಟದ ಆಚೆ ಮುಗಿಸ್ತೀನಿ, ಆಗಬಹುದಾ?" ಅಂದಿತು ಏಡಿ.

ಇಲಿಯ ಹತ್ತಿರ ಹೋದ. "ಅಗೀತೀನಿ ಅಣ್ಣ, ಖಂಡಿತ ಅಗೀತೀನಿ. ಮೊದಲು ಬೆಳೆ ಬರಲಿ" ಅಂದಿತು ಇಲಿ.

ಕೊನೆಗೆ ಎರೆಹುಳದ ಹತ್ತಿರ ಹೋದ.

ಆ ಕಾಲದಲ್ಲಿ ಎರೆಹುಳಕ್ಕೆ ಗಂಟಲು ಇತ್ತು. ಎಂಥ ಗಂಟಲು! ಈ ದಿಬ್ಬದಲ್ಲಿ ನಿಂತು ಕೂಗಿದರೆ ಆ ದಿಬ್ಬದ ಮೋಡ ಬೆಚ್ಚಿ ನಾಲ್ಕು ಹನಿ ಉದುರಿಸುತ್ತಿತ್ತು. ನನ್ನ ಗಂಟಲಿಗಿಂತ ಸ್ವಲ್ಪ ಕಡಿಮೆ, ಅಷ್ಟೆ.

"ಎರೆಯಣ್ಣ, ನನ್ನ ಹೊಲ ಹದ ಮಾಡಿಕೊಡು. ಮುಯ್ಯಿಗೆ ಮುಯ್ಯಿ ನಾನೂ ಬರ್ತೀನಿ" ಅಂದ ಗುಡ್ಡಪ್ಪ.

"ಮಾತು ಅಂದ್ರೆ ಮಾತೇನಪ್ಪ?"

"ಮಾತೇ. ಹಳ್ಳವೇ ಸಾಕ್ಷಿ."

ಪಕ್ಕದಲ್ಲಿ ಹರಿಯುತ್ತಿದ್ದ ಹಳ್ಳ ನಿಂತು ಮುಯ್ಯಿಯ ಕಟ್ಟಳೆ ಹೇಳಿತು. "ಕೇಳಿಸ್ಕೊಳ್ಳಿ ಇಬ್ಬರೂ. ಆಳು ಬೇಕಾದವನು ಇನ್ನೊಬ್ಬನ ಅಂಗಳಕ್ಕೆ ಹೋಗಿ, ಹೆಸರು ಹಿಡಿದು, ಬಾಯಿ ಬಿಟ್ಟು ಕೂಗಬೇಕು. ಕೂಗು ಕಿವಿಗೆ ಬಿದ್ದರೆ ಬಾಯಲ್ಲಿ ಮುದ್ದೆ ಇದ್ದರೂ ನುಂಗಿ ಏಳಬೇಕು. ಕೂಗದೆ ಹೋಗುವ ಹಾಗಿಲ್ಲ, ಕೂಗಿದ ಮೇಲೆ ಉಳಿಯುವ ಹಾಗಿಲ್ಲ. ಇನ್ನೊಂದು. ಅವನು ಎದ್ದು ಬಂದಾಗ ಅಂಗಳದಲ್ಲಿ ಕರೆದವನು ಇಲ್ಲದಿದ್ದರೆ ಮುಯ್ಯಿ ತೀರಿತು ಅಂತ ಲೆಕ್ಕ."

"ಆಗಬಹುದು" ಅಂದ ಗುಡ್ಡಪ್ಪ.

"ಆಗಬಹುದು" ಅಂದಿತು ಎರೆಹುಳ. ಅಂದ ರಭಸಕ್ಕೆ ಮೋಡದಿಂದ ನಾಲ್ಕು ಹನಿ ಬಿತ್ತು.

ಎರೆಹುಳಕ್ಕೆ ಕೈಯಿಲ್ಲ, ಕಾಲಿಲ್ಲ, ಗುದ್ದಲಿ ಹಿಡಿಯುವುದು ಎಲ್ಲಿಂದ? ಅದಕ್ಕೆ ಅದು ಬಳಗವನ್ನೂ ಕೂಡಿಸಿಕೊಂಡು ನೆಲವನ್ನು ತಿನ್ನುವುದಕ್ಕೇ ಕೂತಿತು. ಮುಂದಿನಿಂದ ತಿಂದಿತು, ಹಿಂದಿನಿಂದ ಬಿಟ್ಟಿತು. ತಿಂದಿತು, ಬಿಟ್ಟಿತು. ತಿಂದಿತು, ಬಿಟ್ಟಿತು. ಕಲ್ಲಿನಂಥ ನೆಲ ಅವಲಕ್ಕಿಯ ಹಾಗೆ ಹಗುರವಾಯಿತು. ಗುಡ್ಡಪ್ಪ ಬದುವಿನ ಮೇಲೆ ಒರಗಿಕೊಂಡು, "ಆ ಮೂಲೇಲಿ ಒಂಚೂರು ಬಿಟ್ಟೆ ನೋಡು ಎರೆಯಣ್ಣ" ಅಂತ ಬೆರಳು ತೋರಿಸಿದ. ಅವನ ಪಾಲಿನ ಕೆಲಸ ಅದು.

ರಾಗಿ ಬಂತು. ಅಬ್ಬಾ, ಅಂಥ ರಾಗಿ! ತೆನೆಯ ಮೇಲೆ ಗಿಳಿ ಸಂಸಾರ ಮಾಡುತ್ತಿತ್ತು.

ಹೊಲ ಹದ ಮಾಡಿ ಮುಗಿಸಿದ ದಿನವೇ ಸಂಜೆ ಎರೆಹುಳ ಮನೆಯ ಮುಂದೆ ಬಂದು, ಒಂದು ಗುಟುಕು ಮಜ್ಜಿಗೆ ಕೇಳೋಣ ಅಂತ ಬಾಯಿ ತೆರೆಯಿತು. ಮಾತು ಬರಲಿಲ್ಲ, ಮಣ್ಣು ಬಂತು. ಇನ್ನೊಂದು ಸಲ ತೆರೆಯಿತು. ಮತ್ತೂ ಮಣ್ಣು. ಗಂಟಲಿನ ಉದ್ದಕ್ಕೂ ಹೊಲವೇ ತುಂಬಿಕೊಂಡಿತ್ತು.

"ಅಯ್ಯೋ, ನಮ್ಮ ಹೊಲ ಮಾಡೋಕೆ ಹೋಗಿ ಎರೆಯಣ್ಣನ ದನಿ ಹೋಯ್ತಲ್ಲ!" ಅಂತ ಹೊನ್ನಿ ಬಾಯಿ ಬಾಯಿ ಬಡಿದುಕೊಂಡಳು.

"ಛೆ, ಪಾಪ" ಅಂದ ಗುಡ್ಡಪ್ಪ. ಅನ್ನುತ್ತಾ ಕಂಬಳಿ ಮುಖದ ಮೇಲೆ ಎಳೆದುಕೊಂಡ. ಯಾಕೆ ಗೊತ್ತಾ? ನಗು ಬರುತ್ತಿತ್ತು, ಕಾಣಬಾರದಲ್ಲ.

"ಕೆಟ್ಟೋನು!" ಅಂದಳು ತುಂಗಿ.

"ಕೆಟ್ಟೋನಲ್ಲ ಮಗಾ, ಸೋಮಾರಿ. ಕೆಟ್ಟೋನಾಗೋಕೆ ಮೈ ಬಗ್ಗಿಸಬೇಕು."

ಹೀಗಿರುವಾಗ ಮಳೆ ಬಂತು. ಮೋಡಕ್ಕೂ ಕೆಲಸ ಹೊಸದು, ಎಷ್ಟು ಸುರಿಯಬೇಕು ಅಂತ ಅದಕ್ಕೂ ಅಂದಾಜಿಲ್ಲ. ಸುರಿದೇ ಸುರಿಯಿತು. ಹಳ್ಳ ಉಕ್ಕಿತು. ಎರೆಹುಳದ ಬಿಲದೊಳಗೆ ನೀರು ನುಗ್ಗಿತು. ಮೊದಲು ಅಡುಗೆಮನೆ ಮುಳುಗಿತು, ಆಮೇಲೆ ನಡುಮನೆ ಮುಳುಗಿತು. ಹಸುಗೂಸುಗಳು ನೀರಲ್ಲಿ ದಾರದ ತುಂಡಿನ ಹಾಗೆ ತೇಲತೊಡಗಿದವು.

ಬಿಲದ ಬಾಯಿಂದ ಒಂದು ಸಣ್ಣ ಕಾಲುವೆ ತೋಡಿದರೆ ನೀರು ಬಸಿದು ಹೋಗುತ್ತಿತ್ತು, ಕೂಸುಗಳು ಬದುಕುತ್ತಿದ್ದವು. ತೋಡುವುದಕ್ಕೆ ಕೈ ಬೇಕು, ಗುದ್ದಲಿ ಬೇಕು. ಎರಡೂ ಇದ್ದದ್ದು ಗುಡ್ಡಪ್ಪನ ಹತ್ತಿರ. ಒಂದು ಎಲೆಅಡಿಕೆ ಅಗಿದು ಮುಗಿಸುವುದರೊಳಗೆ ಆಗುವ ಕೆಲಸ.

ಎರೆಹುಳ ಮಳೆಯಲ್ಲಿ ಹರಿದುಕೊಂಡು ಹರಿದುಕೊಂಡು ಗುಡ್ಡಪ್ಪನ ಅಂಗಳಕ್ಕೆ ಬಂತು. ಕಟ್ಟಳೆಯಂತೆ ಬಾಗಿಲಿಗೆ ಮುಖ ಮಾಡಿ ನಿಂತಿತು. ಕಟ್ಟಳೆಯಂತೆ ಬಾಯಿ ಬಿಟ್ಟಿತು.

ಮಣ್ಣು ಬಿತ್ತು.

ಗಾಳಿಗೆ ಕನಿಕರ ಬಂತು. "ನಿಲ್ಲು, ನಿನ್ನ ಪರವಾಗಿ ನಾನು ಕೂಗ್ತೀನಿ" ಅಂತ ಬಾಗಿಲಿಗೆ ಬಾಯಿ ಇಟ್ಟು "ಹೂಊಊ..." ಅಂದಿತು.

"ಹೊನ್ನಿ, ಗಾಳಿ ಕಣೆ. ಕದ ಭದ್ರ ಮಾಡು" ಅಂದ ಗುಡ್ಡಪ್ಪ ಒಳಗಿನಿಂದ.

ಕಪ್ಪೆಗೆ ಸಿಟ್ಟು ಬಂತು. "ಗುಡ್ಡಪ್ಪಾ! ಗುಡ್ಡಪ್ಪಾ! ಏಳಪ್ಪಾ!" ಅಂತ ಗಂಟಲು ಉಬ್ಬಿಸಿ ಒದರಿತು.

"ಕಪ್ಪೆಗೂ ನನಗೂ ಮುಯ್ಯಿ ಇಲ್ಲ" ಅಂದ ಗುಡ್ಡಪ್ಪ, ಮಗ್ಗುಲು ಬದಲಾಯಿಸಿ.

ಹೊನ್ನಿ ಕಿಂಡಿಯಲ್ಲಿ ಇಣುಕಿದಳು. "ಏಳಯ್ಯ, ಎರೆಯಣ್ಣ ಅಂಗಳದಲ್ಲಿ ನೆನೀತಾ ನಿಂತಿದ್ದಾನೆ."

"ಕೂಗಿದನಾ?"

"ಪಾಪ, ಹೆಂಗೆ ಕೂಗ್ತಾನೆ?"

"ಕೂಗದೆ ಹೋಗೋ ಹಾಗಿಲ್ಲ. ಹಳ್ಳವೇ ಹೇಳಿದೆ. ನಾನು ಕಟ್ಟಳೆ ಮುರಿಯೋ ಜಾತಿಯೋನಲ್ಲ ಕಣೆ" ಅಂದು ಕಂಬಳಿ ಹೊದ್ದುಕೊಂಡ. ಗೊರಕೆ ಶುರುವಾಯಿತು.

ಎರೆಹುಳ ಯೋಚನೆ ಮಾಡಿತು. ನನ್ನೊಬ್ಬನ ಬಾಯಿಂದ ಕೂಗು ಬರುತ್ತಿಲ್ಲ. ನೂರು ಬಾಯಿ ಸೇರಿದರೆ ಒಂದು ಕೂಗಾದರೂ ಬಾರದೇ? ಮೆಲ್ಲಗೆ ಹಿಂದಕ್ಕೆ ಹರಿದು ಹೋಗಿ ಅಣ್ಣನಿಗೆ ಮೈ ತಾಗಿಸಿತು, ಅಣ್ಣ ತಮ್ಮನಿಗೆ ಮೈ ತಾಗಿಸಿದ, ತಮ್ಮ ಅತ್ತಿಗೆಗೆ ಮೈ ತಾಗಿಸಿದ. ದನಿ ಹೋದ ಮೇಲೆ ಅವರ ಮಾತು ಹಾಗೇ. ಅವರೆಲ್ಲರೂ ಆ ಹೊಲದ ಮಣ್ಣು ತಿಂದವರೇ, ಎಲ್ಲರ ಗಂಟಲೂ ಕಟ್ಟಿತ್ತು. ಆದರೂ ಬಂದರು. ಬಂಧು ಬಳಗ, ಬೀಗರು ಬಿಜ್ಜರು, ಬಸುರಿ ಬಾಣಂತಿಯರು, ಎಲ್ಲರೂ ಬಂದು ಅಂಗಳದ ತುಂಬ ನಿಂತರು. ಬಾಗಿಲಿಗೆ ಮುಖ ಮಾಡಿದರು. ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟರು.

ಅಷ್ಟೂ ಬಾಯಿಗಳಿಂದ ಒಟ್ಟಿಗೇ ಏನೂ ಬರಲಿಲ್ಲ.

ನೂರು ಮೌನ ಸೇರಿದರೆ ದೊಡ್ಡದೊಂದು ಮೌನ ಆಗುತ್ತದೆ ಮಗಾ, ಕೂಗಾಗುವುದಿಲ್ಲ.

ಬೆಳಗಾಯಿತು. ಮಳೆ ನಿಂತಿತು. ಸೂರ್ಯ ಕಣ್ಣು ಹೊಸೆದುಕೊಂಡು ಮೇಲೆ ಬಂದ.

"ಹೋಗಿಬಿಡಿ!" ಅಂದಿತು ಗಾಳಿ. "ನಿಮ್ಮ ಮೈ ಬರೀ ಮೈ. ಚಿಪ್ಪಿಲ್ಲ, ತುಪ್ಪಳ ಇಲ್ಲ. ಬಿಸಿಲು ಬಿದ್ದರೆ ಒಣಗಿ ಹೋಗ್ತೀರಿ. ಮಣ್ಣೊಳಗೆ ಇಳೀರಿ!"

ಎರೆಹುಳ ಇಲ್ಲ ಅಂತ ತಲೆ ಆಡಿಸಿತು. ತಲೆ ಯಾವುದು ಬಾಲ ಯಾವುದು ಗಾಳಿಗೆ ತಿಳಿಯಲಿಲ್ಲ, ಆದರೆ ಅರ್ಥವಾಯಿತು. ಈಗ ಬೆನ್ನು ತಿರುಗಿಸಿ ಹೋದರೆ, ಆ ಗಳಿಗೆಗೇ ಗುಡ್ಡಪ್ಪ ಎದ್ದು ಬಂದು, "ನಾನು ಬಂದೆ, ನೀವೇ ಇರಲಿಲ್ಲ, ಮುಯ್ಯಿ ತೀರಿತು" ಅಂದರೆ? ಅಷ್ಟು ಹೊಲ ತಿಂದದ್ದು, ದನಿ ಕಳೆದುಕೊಂಡದ್ದು ಎಲ್ಲ ಮಣ್ಣುಪಾಲು. ಹಾಗಾಗಿ ನಿಂತವು. ಇನ್ನೊಂಚೂರು ನೋಡೋಣ ಅಂತ ನಿಂತವು. ಈಗ ಬರ್ತಾನೆ ಅಂತ ನಿಂತವು.

ಸೂರ್ಯ ತೆಂಗಿನ ಸುಳಿಗೆ ಬಂದ ಮೇಲೆ ಗುಡ್ಡಪ್ಪನ ಬಾಗಿಲು ತೆರೆಯಿತು. ಆಕಳಿಸಿದ, ಮೈ ಮುರಿದ, ಕೆಳಗೆ ನೋಡಿದ. ಅಂಗಳದ ತುಂಬ ಬಾಗಿಲಿಗೆ ಮುಖ ಮಾಡಿ ಒಣಗಿ ಬಿದ್ದಿದ್ದವು.

"ಅಯ್ಯೋ, ಬಂದಿದ್ರಾ? ಒಂದು ಕೂಗು ಹಾಕಬಾರದಾಗಿತ್ತಾ!" ಅಂದ.

ಹೊನ್ನಿ ಗುಡ್ಡಪ್ಪನ ಗುದ್ದಲಿ ತಾನೇ ಎತ್ತಿಕೊಂಡು ಹೋಗಿ ಬಿಲದ ಬಾಯಿಗೆ ಕಾಲುವೆ ತೋಡಿದಳು. ಎಷ್ಟು ಕೂಸುಗಳು ಉಳಿದಿದ್ದವೋ ಅಷ್ಟು ಉಳಿದವು. ಬಂದು ಅಂಗಳದಲ್ಲಿ ಇನ್ನೂ ಮಿಸುಕುತ್ತಿದ್ದವನ್ನು ಮುತ್ತುಗದ ಎಲೆಯಲ್ಲಿ ಎತ್ತಿ ಸೋರೆಬಳ್ಳಿಯ ಬುಡಕ್ಕೆ ಬಿಟ್ಟಳು. ಆಮೇಲೆ ಗಂಡನಿಗೆ ಸೋರೆಕಾಯಿ ಸಾರೂ ಇಲ್ಲ, ಮುದ್ದೆಯೂ ಇಲ್ಲ. "ಕೂಗಿ ಕೇಳು, ಬಡಿಸ್ತೀನಿ" ಅಂದಳು. ಅಂದವಳೇ ಹಳ್ಳದ ಆಚೆ ದಡಕ್ಕೆ ಹೋಗಿ ಕೂತಳು, ಅಲ್ಲಿಗೆ ಯಾವ ಕೂಗೂ ಕೇಳಿಸುತ್ತಿರಲಿಲ್ಲ.

ಹಳ್ಳ ತೀರ್ಮಾನ ಹೇಳಿತು. "ಹೊನ್ನಿ ಮಾಡಿದ್ದು ಪುಣ್ಯ, ಮುಯ್ಯಲ್ಲ. ಒಪ್ಪಿದೋನು ಗುಡ್ಡಪ್ಪ. ಅವನು ಬರೋವರೆಗೂ ಮುಯ್ಯಿ ಬಾಕಿ."

ಗುಡ್ಡಪ್ಪ ಮುಯ್ಯಿ ತೀರಿಸದೇ ಸತ್ತುಹೋದ. ಅವನ ಮಕ್ಕಳು ಬೇರೆ ಬೇರೆ ಮನೆ ಕಟ್ಟಿದರು, ಮೊಮ್ಮಕ್ಕಳು ಊರು ಕಟ್ಟಿದರು. ಎರೆಹುಳಕ್ಕೆ ಕಣ್ಣಿಲ್ಲ, ಗುಡ್ಡಪ್ಪನ ಮನೆ ಯಾವುದು ಅಂತ ಹೇಗೆ ತಿಳಿಯಬೇಕು? ಅದಕ್ಕೇ ಇವತ್ತಿಗೂ ಮಳೆ ಹೊಡೆದು ಬಿಲಕ್ಕೆ ನೀರು ನುಗ್ಗಿದಾಗ ಅವು ಬಂಧು ಬಳಗ ಕಟ್ಟಿಕೊಂಡು ಮನೆ ಮನೆಯ ಅಂಗಳಕ್ಕೂ ಬಂದು, ಬಾಯಿ ಬಿಟ್ಟುಕೊಂಡು, ಬಿಸಿಲೇರುವವರೆಗೂ ಮುಯ್ಯಾಳಿಗಾಗಿ ಕಾಯುತ್ತವೆ.

ತುಂಗಿ ಕೂತು, ಒಂದು ಹುಳವನ್ನು ಕಡ್ಡಿಯಲ್ಲಿ ಮೆಲ್ಲಗೆ ಹಸಿ ಮಣ್ಣಿಗೆ ಸರಿಸಿದಳು.

"ತಾತ, ಗುಡ್ಡಪ್ಪನ ಕಡೆಯೋರು ಈಗ ಯಾರಾದ್ರೂ ಇದ್ದಾರಾ?"

"ಇಲ್ದೆ ಏನು! ಅವನ ಹಿರೀಮಗ, ಹಿರೀಮಗನ ಹಿರೀಮಗ, ಹಂಗೇ ಇಳಿದು ಇಳಿದು ಬಂದೋನು ಯಾರು ಅಂತೀಯ? ನಾನು!" ಎದೆ ತಟ್ಟಿಕೊಂಡೆ. "ಈ ಊರಲ್ಲಿ ಭೂಮಿ ಹುಟ್ಟಿದಾಗಿಂದ ವಂಶ ಹೇಳೋಕೆ ಬರೋದು ನನಗೊಬ್ಬನಿಗೇ."

"ಹಂಗಾದ್ರೆ ಇವು ಬಂದಿರೋದು ನಿನ್ನನ್ನೇ ಕರೆಯೋಕೆ."

ಪೊರಕೆ ನಿಂತಿತು. ಪುಟ್ಟಲಕ್ಷ್ಮಿ ಸೆರಗಿನ ತುದಿಯನ್ನು ಬಾಯಿಗೆ ಅದುಮಿಕೊಂಡು ಗೋಡೆಯ ಕಡೆ ತಿರುಗಿದಳು.

"ಗುದ್ದಲಿ ತರ್ಲಾ ತಾತ?"

ಆಕಾಶ ನೋಡಿದೆ. ನನ್ನ ಮಂಡಿ ನೋಡಿಕೊಂಡೆ. ಅಂಗಳ ನೋಡಿದೆ. ಬಿಸಿಲು ಆಗಲೇ ಮೆಟ್ಟಿಲ ತನಕ ಬಂದಿತ್ತು.

"ತರಬಹುದಿತ್ತು ಮಗಾ. ಆದ್ರೆ ಒಂದಾದ್ರೂ ಕೂಗ್ತಾ? ನನಗಂತೂ ಕೇಳಿಸ್ಲಿಲ್ಲ" ಅಂದು ಟವಲನ್ನು ಈ ಹೆಗಲಿಂದ ತೆಗೆದು ಆ ಹೆಗಲಿಗೆ ಹಾಕಿಕೊಂಡೆ.