ಕಿಂಡಿ ಮುಚ್ಚಿದ ಹುಡುಗಿ

“ಗುರುಗಳೇ, ಕಾವಲು ಪೂರ್ತಿಯಾಯಿತು ಎಂದು ಕಾಯುವವನಿಗೆ ಗೊತ್ತಾಗುವುದು ಯಾವಾಗ?”

ಹೀಗೆ ಕೇಳಿದವನು ಮರುಳಯ್ಯ. ಮಠದ ಉಚಿತ ವಿದ್ಯಾರ್ಥಿನಿಲಯವನ್ನು ಗುರುಗಳು ಅವನ ಕೈಗೆ ಒಪ್ಪಿಸಿ ನಾಲ್ಕು ತಿಂಗಳಾಗಿತ್ತು. ನೂರಿಪ್ಪತ್ತು ಮಕ್ಕಳು. ಅವನು ಕಾಂಪೌಂಡ್ ಗೋಡೆಯನ್ನು ಎರಡಡಿ ಎತ್ತರಿಸಿದ್ದ, ಹಿತ್ತಿಲ ಬಾಗಿಲಿಗೆ ಹಲಗೆ ಹೊಡೆಸಿದ್ದ, ಮುಂದಿನ ಗೇಟಿಗೆ ಒಳಗಿನಿಂದ ಬೀಗ ಹಾಕಿಸಿದ್ದ. ಆದರೂ ಅವನಿಗೆ ನೆಮ್ಮದಿ ಇರಲಿಲ್ಲ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಒಬ್ಬ ಹುಡುಗಿ ಓದುತ್ತಿದ್ದಳು. ಕಂಪ್ಯೂಟರ್ ಕಾಯುವ ಪಂದ್ಯವೊಂದರಲ್ಲಿ ಅವಳು ತನ್ನ ಶಾಲೆಯ ತಂಡಕ್ಕೆ ನಾಯಕಿ. ಪಂದ್ಯ ನಡೆಯುವುದು ಹೀಗೆ. ಪ್ರತಿ ತಂಡಕ್ಕೂ ಒಂದೊಂದು ಕಂಪ್ಯೂಟರ್ ಕೊಡುತ್ತಾರೆ. ಕಳ್ಳರು ನುಗ್ಗಬಹುದಾದ ಕಿಂಡಿಗಳನ್ನು ಮೊದಲೇ ಅದರೊಳಗೆ ಬಿಟ್ಟಿರುತ್ತಾರೆ. ಮಕ್ಕಳು ಮೂರು ಗಂಟೆಯೊಳಗೆ ಅವನ್ನು ಹುಡುಕಿ ಮುಚ್ಚಬೇಕು. ಮುಚ್ಚಿದ ಒಂದೊಂದು ಕಿಂಡಿಗೂ ಅಂಕ, ಕಳ್ಳ ನುಗ್ಗಿದರೆ ಅಂಕ ಕಡಿತ. ಜೊತೆಗೆ ಎರಡು ಪುಟದ ಪತ್ರವೊಂದನ್ನು ಕೊಡುತ್ತಾರೆ. ಆ ಕಂಪ್ಯೂಟರಿನಿಂದ ನಡೆಯುವ ಕೆಲಸ ಏನು, ಅದು ಯಾರಿಗೆ ಬೇಕು ಎಂದು ಅದರಲ್ಲಿ ಬರೆದಿರುತ್ತದೆ.

ಹಿಂದಿನ ವರ್ಷದ ಪಂದ್ಯದಲ್ಲಿ ಒಂದೇ ಒಂದು ಕಿಂಡಿ ಅವಳ ಕಣ್ಣು ತಪ್ಪಿತ್ತು. ಅದೊಂದರಿಂದ ತಂಡ ದಿಲ್ಲಿಯ ಕೊನೆಯ ಸುತ್ತಿಗೆ ಹೋಗುವುದು ತಪ್ಪಿತು. ಶಾಲೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈಯದಿದ್ದುದೇ ಅವಳಿಗೆ ಮುಳ್ಳಾಯಿತು. ಈಗ ಅವಳದು ಹತ್ತನೇ ತರಗತಿ. ಇದು ಕೈಬಿಟ್ಟರೆ ಇನ್ನೊಂದು ಅವಕಾಶವಿಲ್ಲ. ವರ್ಷವಿಡೀ ಶಾಲೆ ಬಿಟ್ಟ ಮೇಲೂ ಉಳಿದು ಅಭ್ಯಾಸ ಮಾಡಿದಳು. ಈ ಸಲ ಸೂಜಿಮೊನೆಯಷ್ಟು ಜಾಗವನ್ನೂ ಬಿಡುವುದಿಲ್ಲ ಎಂದು ದೇವರ ಮುಂದೆ ನಿಂತು ಹೇಳಿಕೊಂಡಳು.

ಪಂದ್ಯದ ದಿನ ಬಂತು. ಅವರಿಗೆ ಸಿಕ್ಕಿದ್ದು ಒಂದು ಆಸ್ಪತ್ರೆಯ ಕಂಪ್ಯೂಟರ್. ನಿಜದ ಆಸ್ಪತ್ರೆಯಲ್ಲ, ಪಂದ್ಯಕ್ಕೆಂದು ಕಲ್ಪಿಸಿದ್ದು. ಪತ್ರದ ಮೊದಲ ಪುಟದ ಮೇಲೆ ಕಣ್ಣಾಡಿಸಿ ಹುಡುಗಿ ಅದನ್ನು ಪಕ್ಕಕ್ಕಿಟ್ಟಳು.

“ಅಕ್ಕಾ, ಎರಡನೇ ಪುಟಾನೂ ಓದಿಬಿಡೋಣ,” ಎಂದಳು ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು.

“ನೀನು ಓದ್ತಾ ಕೂತಿರು ತಾಯಿ. ಪಕ್ಕದ ಟೇಬಲ್ಲಿನವರು ದಿಲ್ಲಿ ರೈಲು ಹತ್ತಿದ ಮೇಲೆ ನಮಗೂ ಓದಿ ಹೇಳುವೆಯಂತೆ!”

ಉಳಿದವರು ನಕ್ಕರು. ಚಿಕ್ಕವಳು ಪತ್ರವನ್ನು ಮಡಿಸಿಟ್ಟಳು.

ಹುಡುಗಿ ಕೆಲಸಕ್ಕೆ ಕೂತಳು. ಯಾರು ಬೇಕಾದರೂ ಊಹಿಸಬಹುದಾದ ಪಾಸ್‌ವರ್ಡುಗಳನ್ನು ಬದಲಿಸಿದಳು. ಒಳಗೆ ಬಚ್ಚಿಟ್ಟಿದ್ದ ಕಳ್ಳ ಪ್ರೋಗ್ರಾಮುಗಳನ್ನು ಹುಡುಕಿ ಕಿತ್ತು ಹಾಕಿದಳು. ಒಂದೊಂದು ಕಿಂಡಿ ಮುಚ್ಚಿದಾಗಲೂ ಪರದೆಯ ಮೇಲೆ ಅಂಕ ಏರಿತು. ಎರಡು ಗಂಟೆ ಕಳೆಯುವ ಹೊತ್ತಿಗೆ ಆ ಕೋಣೆಯಲ್ಲಿ ಅವರೇ ಮುಂದಿದ್ದರು.

ಆಗ ಅವಳ ಕಣ್ಣಿಗೆ ಒಂದು ಗುರುತು ಬಿತ್ತು. ಯಾರೋ ಒಬ್ಬರು ಒಂದೇ ಹೆಸರಿನಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ಆಸ್ಪತ್ರೆಯ ಹೊರಗಿನಿಂದ, ಪದೇ ಪದೇ ಒಳಗೆ ಬಂದು ಹೋಗಿದ್ದರು. ಕಳ್ಳ ಸಿಕ್ಕಿದ ಎಂದುಕೊಂಡಳು. ಒಳಗೆ ಬರಲು ಅನುಮತಿ ಇದ್ದವರ ಪಟ್ಟಿಯಿಂದ ಆ ಹೆಸರನ್ನು ಅಳಿಸಿಬಿಟ್ಟಳು.

ಅಂಕ ಇಳಿಯಿತು.

ಕಳ್ಳ ಬೇರೆ ದಾರಿಯಿಂದ ನುಗ್ಗಿದ್ದಾನೆ ಎಂದುಕೊಂಡು ಹೊರಗಿನಿಂದ ಬರುವ ಇನ್ನೊಂದು ದಾರಿಯನ್ನು ಮುಚ್ಚಿದಳು. ಅಂಕ ಮತ್ತೂ ಇಳಿಯಿತು. ಇಳಿದಷ್ಟೂ ಅವಳು ಮುಚ್ಚಿದಳು, ಮುಚ್ಚಿದಷ್ಟೂ ಅದು ಇಳಿಯಿತು. ಜೊತೆಯವರು ಏನೋ ಹೇಳುತ್ತಿದ್ದರು. ಹಿಂದಿನ ವರ್ಷ ಬಿಟ್ಟುಹೋದ ಆ ಒಂದು ಕಿಂಡಿಯೇ ಅವಳ ಕಣ್ಣ ಮುಂದೆ ಇತ್ತು. ಗಂಟೆ ಹೊಡೆಯುವವರೆಗೂ ಅವಳ ಕೈ ನಿಲ್ಲಲಿಲ್ಲ.

ತಂಡ ಕೊನೆಯ ಸ್ಥಾನಕ್ಕೆ ಬಂದಿತ್ತು.

ತೀರ್ಪುಗಾರರು ವಯಸ್ಸಾದವರು. ಅವರೇ ಅವಳಿದ್ದಲ್ಲಿಗೆ ಬಂದರು. “ಹದಿನೇಳು ಕಿಂಡಿ ಬಿಟ್ಟಿದ್ದೆವಮ್ಮ. ಹದಿನೇಳನ್ನೂ ಮುಚ್ಚಿದ್ದು ನಿಮ್ಮ ತಂಡ ಒಂದೇ,” ಎಂದರು.

“ಮತ್ತೆ ನಾವ್ಯಾಕೆ ಸರ್ ಕೊನೇಲಿದೀವಿ?”

“ಈ ಆಸ್ಪತ್ರೆಗೆ ಇನ್ನು ಯಾವ ಕಳ್ಳನೂ ಬರಲಾರ. ನರ್ಸೂ ಬರಲಾರಳು. ನೀನು ಅಳಿಸಿದೆಯಲ್ಲ, ಅದು ಅವಳ ಹೆಸರು.”

“ಹೊತ್ತಲ್ಲದ ಹೊತ್ತಲ್ಲಿ ಬರ್ತಿದ್ದಳು ಸರ್. ಅದಕ್ಕೇ…”

“ಕಾಯಿಲೆ ಹೊತ್ತು ನೋಡ್ಕೊಂಡು ಬರುತ್ತದೇನಮ್ಮ?”

ಹುಡುಗಿ ಮಡಿಸಿಟ್ಟಿದ್ದ ಪತ್ರವನ್ನು ಬಿಡಿಸಿದಳು. ಎರಡನೇ ಪುಟದಲ್ಲಿ ಬರೆದಿತ್ತು: ದೂರದ ಹಳ್ಳಿಯ ಉಪಕೇಂದ್ರದಲ್ಲಿ ಒಬ್ಬಳೇ ನರ್ಸ್ ಇದ್ದಾಳೆ. ಯಾವ ಮಗುವಿಗೆ ಯಾವ ಔಷಧಿ, ಎಷ್ಟು ಎಂದು ಅವಳು ಈ ಕಂಪ್ಯೂಟರಿನಲ್ಲಿ ನೋಡಿಯೇ ಕೊಡಬೇಕು. ಯಾವ ಹೊತ್ತಿನಲ್ಲೂ ಅವಳ ದಾರಿ ಮುಚ್ಚಕೂಡದು; ಮುಚ್ಚಿದರೆ ಅಂಕ ಕಡಿತ.

ಅವಳು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಕೋಣೆಯ ಆ ತುದಿಯಲ್ಲಿ ಗೆದ್ದವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಅದು ಅವಳಿಗೆ ಕೇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯನಿಗೆ ಆ ಹುಡುಗಿಯ ಮೇಲೆ ಕನಿಕರ ಹುಟ್ಟಿತು. “ಪಾಪ, ಅವಳು ಶ್ರದ್ಧೆಯಿಂದಲೇ ಕಾದಳಲ್ಲ, ಗುರುಗಳೇ,” ಎಂದ.

“ಹೌದು, ನಿನ್ನಷ್ಟೇ ಶ್ರದ್ಧೆಯಿಂದ ಕಾದಳು. ಭಾನುವಾರ ಮಕ್ಕಳನ್ನು ನೋಡಲು ಬರುವ ತಾಯಂದಿರು ಈಗ ಎಲ್ಲಿ ನಿಂತು ಹಿಂದಿರುಗುತ್ತಾರೆ, ಮರುಳಯ್ಯ?”