ಮುದ್ದರಾಜನ ಪೆಟ್ಟಿಗೆಯೂ ಆಡದೇ ಉಳಿದ ಚೌಕಾಬಾರವೂ

ಆಡುವುದಕ್ಕೆಂದೇ ಕೂತ ರಾಜನೊಬ್ಬ ಆಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ. ಕೊನೆಗೇನಾಯಿತು, ಹೇಳಿ ನೋಡೋಣ? ರಾಜ್ಯ ಹೋಯಿತೇ? ಊಹುಂ. ತಲೆ ಹೋಯಿತೇ? ಅದು ಮೊದಲೇ ಇರಲಿಲ್ಲ ಬಿಡಿ. ಕೇಳಿ ಹಾಗಾದರೆ.

ಒಂದಾನೊಂದು ಊರಿನಲ್ಲಿ ಮುದ್ದರಾಜನೆಂಬ ರಾಜ. ಅವನ ರಾಣಿ ಪುಟ್ಟಾಜಮ್ಮಣ್ಣಿ. ಇಬ್ಬರಿಗೂ ಚೌಕಾಬಾರದ ಹುಚ್ಚು. ಊಟವಾಯಿತೋ, ಕವಡೆ ಗಲಗಲ. ಅವನು ಅನ್ಯಾಯದ ಆಟ ಆಡುವನು, ಅವಳು ಬೈಯುವಳು. ಆ ಬೈಗುಳಕ್ಕೇ ರಾಜನಿಗೆ ಉಂಡದ್ದು ಅರಗುವುದು.

ಒಂದು ದಿನ ಮಾತಾಡುವ ಪೆಟ್ಟಿಗೆಯೊಂದು ಸಂತೆಯಿಂದ ತಾನೇ ನಡೆದುಕೊಂಡು ಅರಮನೆಗೆ ಬಂತು. ಈಗಿನವರು ಆಟವಾಡುವ ಯಂತ್ರಕ್ಕೆ ಕನ್ಸೋಲ್ ಅನ್ನುತ್ತಾರಲ್ಲ, ಅದರ ಮುತ್ತಜ್ಜ.

"ದೊರೆ, ಚೌಕಾಬಾರ ನನ್ನೊಳಗೇ ಇದೆ. ಇಬ್ಬರೂ ಆಡಿ" ಅಂದಿತು. ರಾಣಿ ಚಾಪೆ ಹಾಸಿ ರಾಜನ ಎದುರಿಗೆ ಕೂತಳು.

"ಆದರೆ ಬರೀ ಆಟಕ್ಕೇ ಯಾಕೆ ಅವಸರ? ನನ್ನಲ್ಲಿ ಆನ್‌ಲೈನ್ ಸೇವೆಗಳಿವೆ. ಮೊದಲು ನಿಮಗೊಂದು ಮುಖ ಬೇಕು."

"ಇದೆಯಲ್ಲೋ!"

"ಅದು ಹೊರಗಿನದು, ದೊರೆ."

ಒಳಗಿನ ಮುಖ ಬಂತು. ಮುಖ ಬಂದಮೇಲೆ ಮೀಸೆ ಬೇಡವೇ? ಪೆಟ್ಟಿಗೆಯ ಅಂಗಡಿಯಲ್ಲಿ ಮೀಸೆ ಕೊಂಡ. ಮೀಸೆ ಇದ್ದಮೇಲೆ ನೋಡುವವರು ಬೇಡವೇ? ಏಳು ಸಮುದ್ರದಾಚೆಯ ರಾಜರೆಲ್ಲ ಒಳಗೆ ಗೆಳೆಯರಾದರು. ಗೆಳೆಯರಿದ್ದಮೇಲೆ ಹರಟೆ. ಹರಟೆ ಮುಗಿದರೆ ಹಾಡು, ಹಾಡು ಮುಗಿದರೆ ಸಿನಿಮಾ. ಸಿನಿಮಾ ನೋಡಿದ್ದಕ್ಕೊಂದು ಪದಕ. ಪದಕ ಪಡೆದದ್ದಕ್ಕೆ ಇನ್ನೊಂದು ಪದಕ.

"ಆಟ, ದೊರೆ?" ಅನ್ನುವಳು ರಾಣಿ.

"ಇಗೋ ಬಂದೆ" ಅನ್ನುವನು ರಾಜ, ತಲೆ ಎತ್ತದೆ.

ಮುಂಗಾರು ಕಳೆಯಿತು, ಹಿಂಗಾರೂ ಕಳೆಯಿತು. "ಇಗೋ ಬಂದೆ." ಆಮೇಲೆ ಅದೂ ನಿಂತಿತು.

ರಾಣಿ ಪೆಟ್ಟಿಗೆಯನ್ನೇ ಕೇಳಿದಳು, "ಏನಯ್ಯಾ, ಇವರಿಗೆ ಕಿವಿ ಕೇಳಿಸದೇ?"

"ಒಳಗಿರುವವರ ಮಾತಷ್ಟೇ ಕೇಳಿಸುತ್ತೆ, ಅಮ್ಮಣ್ಣಿ."

ಅವಳೂ ಒಂದು ಗಿಣಿಯ ಮುಖ ತೊಟ್ಟು ಒಳಗೆ ಹೋದಳು. ಗಿಣಿಯ ಪಕ್ಕದಲ್ಲಿ ಹಸಿರು ದೀಪ ಹತ್ತಿತು.

"ಒಂದಾಟ ಆಡೋಣ ಬನ್ನಿ" ಅಂದಿತು ಗಿಣಿ.

"ಆಟ ಎಲ್ಲಿಗೆ ಓಡಿಹೋಗುತ್ತೆ ಗಿಣಿಯಮ್ಮಾ? ಮೊದಲು ನನ್ನ ಮೀಸೆ ನೋಡಿ!"

"ನೋಡಿದೆ. ಚೆನ್ನಾಗಿದೆ."

ದೀಪ ಆರಿತು.

ರಾಜ ಮತ್ತೆರಡು ಪದಕ ಗೆದ್ದ. ಆಮೇಲೆ ಯಾಕೋ ನೆನಪಾಗಿ ಕೇಳಿದ, "ಪಾಪ, ಆ ಗಿಣಿ ಯಾರದು? ದನಿ ಎಲ್ಲೋ ಕೇಳಿದ ಹಾಗಿತ್ತು."

"ನಿಮ್ಮೆದುರು ಚಾಪೆಯ ಮೇಲೆ ಕೂತಿದ್ದವರದು, ದೊರೆ."

ಮುದ್ದರಾಜ ತಲೆ ಎತ್ತಿದ. ಕತ್ತು ಲಟಕ್ಕೆಂದಿತು. ಚಾಪೆ ಬರಿದಾಗಿತ್ತು, ಕೂತ ಜಾಗದಲ್ಲಿ ಮಾತ್ರ ಹುಲ್ಲು ತಗ್ಗಾಗಿತ್ತು.

"ಕರೆದುಕೊಂಡು ಬಾರೋ!" ಎಂದು ಕೂಗಿದ.

"ಆ ಸೇವೆ ಇಲ್ಲ ಬುದ್ಧೀ. ಬೇಕಾದರೆ ಒಬ್ಬರೇ ಕೂತದ್ದಕ್ಕೊಂದು ಪದಕವಿದೆ."

ಠಣ್ ಎಂದು ಪದಕ ಬಿತ್ತು. ರಾಜ ಅದನ್ನು ಎತ್ತಿಕೊಳ್ಳಲಿಲ್ಲ. ಬೈಯುವವರಿಲ್ಲದೆ ಅವನಿಗೆ ಅಂದಿನಿಂದ ಉಂಡದ್ದು ಅರಗಲೂ ಇಲ್ಲ.

ನೀತಿ ಬೇಕೇ? ಮೀಸೆ ಕೊಳ್ಳುವ ಮುಂಚೆ ಚಾಪೆ ನೋಡಿಕೊಳ್ಳಿ, ಅಷ್ಟೇ. ರಾಣಿ ಎದ್ದುಹೋದದ್ದು ಯಾವತ್ತು ಅಂತೀರಾ? ಊರ ಹೆಂಗಸರೆಲ್ಲ ಗಂಡಂದಿರ ಪಾದ ತೊಳೆದು ಪೂಜೆ ಮಾಡುತ್ತಿದ್ದ ದಿನ. ಆಷಾಢ ಮಾಸ, ಗುರುವಾರ, ಭೀಮನ ಅಮಾವಾಸ್ಯೆ.